ಬಿರುಕಿಗೆ ಬಣ್ಣ ಬಳಿದು ಮಾರುವ ಮುನ್ನ

ಮೇ ತಿಂಗಳ ಕೊನೆಯ ಸೋಮವಾರದ ಮೆಮೋರಿಯಲ್ ಡೇ ರಜೆಯೊಂದಿಗೆ ಅಮೆರಿಕದಲ್ಲಿ ಪ್ರವಾಸದ ಋತು ಆರಂಭವಾಗುತ್ತದೆ. ಊರಿನಿಂದ ತಂದೆತಾಯಿಯರು ಬಂದಿಳಿಯುವುದೂ ಬಹುಪಾಲು ಇದೇ ಹೊತ್ತಿಗೆ. ಆರೇಳು ಮಂದಿಯ ಸಂಸಾರವನ್ನು ಯೆಲ್ಲೋಸ್ಟೋನ್‌ಗೋ ಗ್ರ್ಯಾಂಡ್ ಕ್ಯಾನ್ಯನ್‌ಗೋ ಕರೆದೊಯ್ಯಬೇಕೆಂದು ಹೋಟೆಲ್ ಕೋಣೆಗಳ ಬಾಡಿಗೆಯನ್ನು ಕೂಡಿಸಿ ನೋಡಿದ ಮನೆಗಳಲ್ಲಿ, ‘ಹಳೆಯದೊಂದು ಟ್ರೇಲರ್ ಕೊಂಡರೆ ಹೇಗೆ?’ ಎಂಬ ಮಾತು ಏಳುತ್ತದೆ. ಹಿರಿಯರಿಗೆ ಬೇಕಾದ ಅನ್ನ, ಸಾರು ದಾರಿಯಲ್ಲೇ ಬೇಯುತ್ತದೆ, ಮಕ್ಕಳಿಗೆ ಮಲಗಲು ಜಾಗವಿರುತ್ತದೆ, ವರ್ಷಾಂತ್ಯಕ್ಕೆ ಬೇಡವೆನಿಸಿದರೆ ಮಾರಿಬಿಡಬಹುದು. ಲೆಕ್ಕ ತಪ್ಪಲ್ಲ. ಆದರೆ ಆ ಲೆಕ್ಕದಲ್ಲಿ ಸಾಮಾನ್ಯವಾಗಿ ಸೇರದೆ ಉಳಿಯುವ ಬಾಬ್ತೊಂದಿದೆ: ಟ್ರೇಲರಿನ ಒಡಲಿನಲ್ಲಿರುವ ಬಿರುಕು.

ಮಂಡ್ಯದ ಕಡೆ ಟ್ರೇಲರ್ ಎಂದರೆ ಟ್ರ್ಯಾಕ್ಟರಿನ ಹಿಂದೆ ಕಬ್ಬು ಹೊತ್ತು ಸಾಗುವ ಗಾಡಿ. ಇಲ್ಲಿ ಅದೇ ಹೆಸರಿನಿಂದ ಕರೆಯುವುದು ಪಿಕಪ್ ಟ್ರಕ್ಕಿನ ಅಥವಾ ದೊಡ್ಡ ಕಾರಿನ ಹಿಂದೆ ಎಳೆದೊಯ್ಯುವ ಪುಟ್ಟ ಮನೆಯನ್ನು. ಮಂಚ, ಅಡುಗೆಕಟ್ಟೆ, ಬಚ್ಚಲು, ನೀರಿನ ತೊಟ್ಟಿ, ಗ್ಯಾಸ್ ಒಲೆ ಎಲ್ಲವೂ ಅದರಲ್ಲುಂಟು. ತೂಕ ಎರಡರಿಂದ ನಾಲ್ಕು ಟನ್. ಹೆದ್ದಾರಿಯಲ್ಲಿ ಗಂಟೆಗೆ ನೂರು ಕಿಲೋಮೀಟರಿನ ಆಸುಪಾಸಿನ ವೇಗ. ನಿಂತ ನೆಲದಲ್ಲಿರುವ ಮನೆಗೆ ಎಂದೋ ಒಮ್ಮೆ ಬರುವ ಅಲುಗಾಟ ಈ ಮನೆಗೆ ಹೊರಟ ದಿನವೆಲ್ಲ ಇರುತ್ತದೆ. ಹೀಗಿರುವಾಗ ಬಿರುಕು ಬಿಡುವುದು ಅಚ್ಚರಿಯಲ್ಲ. ಯಾವ ಬಿರುಕನ್ನು ಕಂಡು ಸುಮ್ಮನಿರಬಹುದು, ಯಾವುದನ್ನು ಕಂಡು ಹಿಂದೆ ಸರಿಯಬೇಕು ಎಂಬುದು ಪ್ರಶ್ನೆ.

ಈ ಪ್ರಶ್ನೆ ಈಗ ಹೆಚ್ಚು ಜನರನ್ನು ಮುಟ್ಟುವುದಕ್ಕೆ ಕಾರಣವಿದೆ. ಕೋವಿಡ್ ಕಾಲದಲ್ಲಿ ವಿಮಾನ, ಹೋಟೆಲುಗಳಿಗೆ ಅಂಜಿದ ಅಮೆರಿಕನ್ನರು ಮನೆಯನ್ನೇ ಎಳೆದುಕೊಂಡು ಹೊರಟರು. 2021ರಲ್ಲಿ ಇಂತಹ ವಾಹನಗಳು ಸುಮಾರು ಆರು ಲಕ್ಷದಷ್ಟು ಕಾರ್ಖಾನೆಗಳಿಂದ ಹೊರಬಂದವು. ಅದು ಅಂದಿನವರೆಗಿನ ದಾಖಲೆ. ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತಲ ಕಾರ್ಖಾನೆಗಳಲ್ಲೇ ಬಹುಪಾಲು ತಯಾರಿಕೆ. 2023ರ ಹೊತ್ತಿಗೆ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಅಂದಿನ ಉತ್ಸಾಹದಲ್ಲಿ ಕೊಂಡವರು ಎರಡು ಬೇಸಿಗೆ ತಿರುಗಿ, ಮೂರನೆಯದರಲ್ಲಿ ಅಂಗಳದಲ್ಲೇ ನಿಲ್ಲಿಸಿ, ಈಗ ಮಾರುತ್ತಿದ್ದಾರೆ. ಬೇಡಿಕೆಯ ಒತ್ತಡದಲ್ಲಿ ಜೋಡಿಸಿದ ಗಾಡಿ, ಮಳೆ ಹಿಮಗಳಲ್ಲಿ ನಿಂತ ಗಾಡಿ, ಹೊಸದರ ಬೆಲೆಯ ಅರ್ಧಕ್ಕೆ. ಜಾಹೀರಾತಿನ ಚಿತ್ರಗಳಲ್ಲಿ ಹಾಸಿಗೆ, ದೀಪ, ಪರದೆಗಳು ಕಾಣುತ್ತವೆ. ಅಡಿಭಾಗದ ಚಿತ್ರ ಹಾಕಿದವರನ್ನು ಹುಡುಕಬೇಕು.

ಫೈಬರ್‌ಗ್ಲಾಸಿನ ಒಡಲಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಜೇಡರ ಬಲೆಯಂತಹ ಕೂದಲೆಳೆಯ ಗೆರೆಗಳು. ಅವು ಬಹುತೇಕ ಮೇಲಿನ ಜೆಲ್‌ಕೋಟ್ ಎಂಬ ಹೊಳಪಿನ ಪದರದಲ್ಲಿ ಮಾತ್ರ ಇರುತ್ತವೆ. ಬಿಸಿಲಿಗೆ, ಕಲ್ಲೇಟಿಗೆ ಹುಟ್ಟಿದವು. ನೋಡಲು ಕೆಟ್ಟದು, ಅಪಾಯಕಾರಿಯಲ್ಲ. ಅದೇ ಗೆರೆ ಒಂದೇ ದಿಕ್ಕಿನಲ್ಲಿ ಉದ್ದವಾಗಿ ಓಡಿದ್ದರೆ, ಕೈಯಿಂದ ಒತ್ತಿದಾಗ ಅಂಚುಗಳು ಅಲುಗಿದರೆ, ಒಳಗಿನ ಕಪಾಟು ತೆರೆದು ನೋಡಿದಾಗ ಅದೇ ಜಾಗದಲ್ಲಿ ಮತ್ತೊಂದು ಗೆರೆ ಕಂಡರೆ ಅದು ಒಡಲಿನದೇ ಸೀಳು. ನಾಣ್ಯದಿಂದ ಸುತ್ತ ತಟ್ಟಿ ಕೇಳುವುದೂ ಒಂದು ಪರೀಕ್ಷೆ. ಗಟ್ಟಿಯಾದ ಕಡೆ ಟಣ್ ಎನ್ನುವುದು ಪದರ ಬಿಟ್ಟ ಕಡೆ ಮಂಕಾಗುತ್ತದೆ. ಹಲಸಿನ ಹಣ್ಣನ್ನು ತಟ್ಟಿ ಕೊಳ್ಳುವ ನಾಡಿನವರಿಗೆ ಈ ವಿದ್ಯೆಯನ್ನು ಯಾರೂ ಕಲಿಸಬೇಕಿಲ್ಲ.

ಸೀಳು ಹುಟ್ಟುವ ಜಾಗಗಳು ಬಹುಮಟ್ಟಿಗೆ ನಿಶ್ಚಿತ. ಕಿಟಕಿ, ಬಾಗಿಲುಗಳಿಗಾಗಿ ಗೋಡೆಯನ್ನು ಕತ್ತರಿಸಿದ ಮೂಲೆಗಳು ಅವುಗಳಲ್ಲಿ ಮೊದಲನೆಯವು. ಅಲ್ಲಿ ಬಲವೆಲ್ಲ ಒಂದೆಡೆ ಒತ್ತರಿಸಿಕೊಳ್ಳುತ್ತದೆ. 1954ರಲ್ಲಿ ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲೇ ಛಿದ್ರವಾದಾಗ ತನಿಖೆ ತೋರಿಸಿದ್ದೂ ಇದನ್ನೇ: ವಿಮಾನದ ಒಡಲಿನಲ್ಲಿ ಕೊರೆದ ತೆರಪುಗಳ ಮೂಲೆಗಳಲ್ಲಿ ಲೋಹ ದಣಿದು ಬಿರಿದಿತ್ತು. ಟ್ರೇಲರ್ ವಿಮಾನವಲ್ಲ, ನಿಜ. ಆದರೆ ಲೋಹದಂತೆ ನಾರೂ ದಣಿಯುತ್ತದೆ. ಗೋಡೆಯೇ ಹೊರಕ್ಕೆ ಜಾರಿ ಕೋಣೆ ಅಗಲವಾಗುವ ಸ್ಲೈಡ್‌ಔಟ್ ಇರುವ ಗಾಡಿಗಳಲ್ಲಂತೂ ಗೋಡೆಯ ಬಹುಭಾಗ ತೆರಪೇ ಆಗಿರುವುದರಿಂದ ಅದರ ನಾಲ್ಕು ಮೂಲೆಗಳನ್ನು ಟಾರ್ಚು ಹಿಡಿದು ನೋಡಬೇಕು.

ಗೋಡೆಯ ಬಿರುಕಿಗೆ ಕಾರಣ ಹಲವು ಬಾರಿ ಗೋಡೆಯಲ್ಲಿರುವುದೇ ಇಲ್ಲ. ಅದು ಕೆಳಗಿನ ಉಕ್ಕಿನ ಚೌಕಟ್ಟಿನಲ್ಲಿರುತ್ತದೆ. ಎತ್ತಿನ ಗಾಡಿಗೆ ಮೂಕಿ ಇರುವಂತೆ ಟ್ರೇಲರಿಗೂ ಮುಂದಕ್ಕೆ ಚಾಚಿದ ತೊಲೆಗಳಿರುತ್ತವೆ. ಒಟ್ಟು ತೂಕದ ಶೇಕಡ 10ರಿಂದ 15ರಷ್ಟನ್ನು ಈ ಮೂಕಿ ಎಳೆಯುವ ವಾಹನದ ಮೇಲೆ ಹೊರಿಸಬೇಕು. ಅದು ಒಡಲಿನ ಅಡಿಗೆ ಹೋಗಿ ಸೇರುವ ಜಾಗ, ಅಚ್ಚಿನ ಪಟ್ಟಿ ಸ್ಪ್ರಿಂಗುಗಳನ್ನು ತೂಗುಹಾಕಿದ ಕೊಂಡಿಗಳ ಬೆಸುಗೆ, ಸೈಕಲ್ಲುಗಳನ್ನು ನೇತುಹಾಕಲು ಹಿಂಬದಿಗೆ ಬೆಸೆದ ಹೆಚ್ಚುವರಿ ಕಂಬಿ: ಈ ಮೂರು ಕಡೆ ತುಕ್ಕಿನ ತೆಳ್ಳನೆಯ ಗೆರೆ ಕಂಡರೆ ಅದು ಬಹುಶಃ ಬಣ್ಣದಡಿಯ ಸೀಳು. ಚೌಕಟ್ಟು ಬಾಗಿದಾಗ ಮೇಲಿನ ಗೋಡೆ ಸೆಳೆತ ತಾಳದೆ ಬಿರಿಯುತ್ತದೆ, ಬಾಗಿಲು ಸರಿಯಾಗಿ ಮುಚ್ಚದಾಗುತ್ತದೆ, ಕಪಾಟುಗಳು ಗೋಡೆಯಿಂದ ಕಿತ್ತುಕೊಳ್ಳುತ್ತವೆ. ಹೀಗಿದ್ದೂ ಗೋಡೆಯ ಗೆರೆಗೆ ಸೀಲಂಟ್ ತುಂಬಿ ಬಿಳಿ ಬಣ್ಣ ಬಳಿದರೆ, ಜ್ವರಕ್ಕೆ ಔಷಧ ಕೊಡದೆ ಹಣೆಗೆ ವಿಭೂತಿ ಹಚ್ಚಿದಂತಾಯಿತು.

ಬಿರುಕು ಸತ್ತಿದೆಯೋ ಜೀವಂತವಾಗಿದೆಯೋ ಎಂದು ತಿಳಿಯಲು ನಮ್ಮ ಊರುಗಳ ಸಿವಿಲ್ ಎಂಜಿನಿಯರುಗಳು ಬಹುಕಾಲದಿಂದ ಮಾಡುವ ಉಪಾಯ ಇಲ್ಲಿಗೂ ಒಪ್ಪುತ್ತದೆ. ಅವರು ಗೋಡೆಯ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸುತ್ತಾರೆ. ಪಟ್ಟಿ ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ. ಟ್ರೇಲರಿನಲ್ಲಿ ಸೀಳಿನ ಎರಡು ತುದಿಗಳಿಗೆ ಪೆನ್ಸಿಲಿನಿಂದ ಗುರುತು ಹಾಕಿ, ಪಕ್ಕದಲ್ಲಿ ತಾರೀಖು ಬರೆದು, ಚಿತ್ರ ತೆಗೆದುಕೊಂಡು, ನೂರಿನ್ನೂರು ಮೈಲಿ ಎಳೆದು ಬಂದ ಮೇಲೆ ಮತ್ತೆ ನೋಡಬೇಕು. ಇದು ಗೋಡೆಯ ಸೀಳಿಗೆ ಮಾತ್ರ ಹೇಳಿದ ಮಾತು. ಚೌಕಟ್ಟಿನಲ್ಲಿ ಸೀಳು ಕಂಡ ಗಾಡಿಯನ್ನು ಪರೀಕ್ಷೆಗೆಂದೂ ಎಳೆಯಕೂಡದು. ಹೆದ್ದಾರಿಯ ನಡುವೆ ಮೂಕಿ ಮುರಿದರೆ ಹಿಂದೆ ಬರುತ್ತಿರುವ ಅನ್ಯರ ಸಂಸಾರವೂ ಅದರಲ್ಲಿ ಸಿಲುಕುತ್ತದೆ.

ಇನ್ನು ನೀರು. ಟ್ರೇಲರಿನ ಗೋಡೆ ನಮ್ಮ ಇಟ್ಟಿಗೆ ಗೋಡೆಯಂತಲ್ಲ. ಎಷ್ಟೋ ಗಾಡಿಗಳಲ್ಲಿ ತೆಳು ಫೈಬರ್‌ಗ್ಲಾಸ್ ಹಾಳೆ, ಅದರ ಹಿಂದೆ ತೆಳ್ಳನೆಯ ಪ್ಲೈವುಡ್, ನಡುವೆ ಥರ್ಮೋಕೋಲ್ ಜಾತಿಯ ಫೋಮ್, ಇಷ್ಟನ್ನು ಅಂಟಿನಿಂದ ಒಂದುಮಾಡಿರುತ್ತಾರೆ. ಸೀಳಿನಿಂದ ಇಳಿದ ಮಳೆನೀರು ಅಂಟನ್ನು ಬಿಡಿಸುತ್ತದೆ, ಮರವನ್ನು ಕೊಳೆಯಿಸುತ್ತದೆ. ಮಿನಿಸೋಟ, ಮಿಷಿಗನ್ನಿನಂತಹ ಚಳಿಯ ನಾಡುಗಳಲ್ಲಿ ಒಳಗಿನ ನೀರು ಮಂಜುಗಡ್ಡೆಯಾಗಿ ಶೇಕಡ 9ರಷ್ಟು ಹಿಗ್ಗಿ ಸೀಳನ್ನು ಪ್ರತಿ ಚಳಿಗಾಲವೂ ಇನ್ನಷ್ಟು ಅಗಲಿಸುತ್ತದೆ. ಸಂಜೆಯ ಓರೆ ಬೆಳಕಿನಲ್ಲಿ ಗೋಡೆಯುದ್ದಕ್ಕೂ ಕಣ್ಣು ಹಾಯಿಸಿದರೆ ಉಬ್ಬು ಕಾಣುತ್ತದೆ. ಮೂಲೆಗಳಲ್ಲಿ ನೆಲವನ್ನು ಪಾದದಿಂದ ಒತ್ತಿದರೆ ಮೆತ್ತಗಿರುವುದು ತಿಳಿಯುತ್ತದೆ. ಬಾಗಿಲು ತೆರೆದ ಕ್ಷಣ ಊದುಬತ್ತಿ ಅಥವಾ ಸುಗಂಧದ ಘಾಟು ಮುಖಕ್ಕೆ ಬಡಿದರೆ, ಅದು ಯಾವ ವಾಸನೆಯನ್ನು ಮರೆಮಾಡುತ್ತಿದೆ ಎಂದು ಕೇಳುವ ಹಕ್ಕು ಕೊಳ್ಳುವವರಿಗಿದೆ.

ರಿಪೇರಿ ಅಸಾಧ್ಯವೇನಲ್ಲ. ಕೆನಡಾದ ವಿನಿಪೆಗ್‌ನಲ್ಲಿ 1968ರಲ್ಲಿ ಹುಟ್ಟಿದ ಬೋಲರ್ ಎಂಬ ಮೊಟ್ಟೆಯಾಕಾರದ ಫೈಬರ್‌ಗ್ಲಾಸ್ ಟ್ರೇಲರುಗಳು ಇಂದಿಗೂ ರಸ್ತೆಯಲ್ಲಿರುವುದು ಅವುಗಳ ಒಡೆಯರು ಸೀಳುಗಳನ್ನು ಕ್ರಮವಾಗಿ ವಾಸಿ ಮಾಡಿಕೊಂಡಿರುವುದರಿಂದಲೇ. ಕ್ರಮವೆಂದರೆ, ಮೊದಲು ಬಿರುಕಿನ ಎರಡು ತುದಿಗಳಲ್ಲಿ ಸಣ್ಣ ರಂಧ್ರ ಕೊರೆದು ಅದು ಮುಂದೋಡದಂತೆ ತಡೆಯುವುದು. ಬಳಿಕ ಎರಡೂ ಬದಿಯನ್ನು ಪದರದ ದಪ್ಪದ ಹನ್ನೆರಡು ಪಟ್ಟು ಅಗಲದವರೆಗೆ ಇಳಿಜಾರಾಗಿ ಉಜ್ಜಿ, ಗಾಜುನಾರಿನ ಬಟ್ಟೆಯನ್ನು ಎಪಾಕ್ಸಿ ರಾಳದಲ್ಲಿ ತೋಯಿಸಿ ಪದರ ಪದರವಾಗಿ, ಸಾಧ್ಯವಾದರೆ ಒಳಗಿನಿಂದಲೂ ಕೂರಿಸುವುದು. ಬಣ್ಣ ಕೊನೆಯ ಮಾತು. ನಲ್ಲಿಗೆ ಎಂ-ಸೀಲ್ ಮೆತ್ತುವ ನಮ್ಮ ಕೈ ಇಲ್ಲಿಯೂ ಅದನ್ನೇ ಮಾಡಲು ತವಕಿಸುತ್ತದೆ. ಅಲುಗುವ ಜಾಗದಲ್ಲಿ ಬರೀ ಪುಟ್ಟಿ ನಿಲ್ಲುವುದಿಲ್ಲ. ಉಕ್ಕಿನ ಚೌಕಟ್ಟಿನದಾದರೋ ನುರಿತ ವೆಲ್ಡರನ ಕೆಲಸ. ಸೀಳನ್ನು ಬುಡದವರೆಗೆ ಕೆತ್ತಿ ತೆಗೆದು ಬೆಸೆದು, ತುದಿಗಳು ಚೂಪಾದ ತಟ್ಟೆಯನ್ನು ಮೇಲೆ ಕೂರಿಸಬೇಕು. ತಲೆಯ ಮೇಲೆಯೇ ಪ್ಲೈವುಡ್, ಫೋಮ್, ಗ್ಯಾಸ್ ಕೊಳವೆಗಳಿರುವಾಗ ಇದನ್ನು ಮನೆಯಂಗಳದಲ್ಲಿ ತಾನೇ ಮಾಡುವೆನೆನ್ನುವುದು ಧೈರ್ಯವಲ್ಲ.

ಖರ್ಚಿನ ಮಾತು ಬಂದಾಗ ಊರಿನ ಅಳತೆಗೋಲು ಕೆಲಸಕ್ಕೆ ಬಾರದು. ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದಲ್ಲೋ ಟಿಂಕರಿಂಗ್ ಕೆಲಸದವರು ಅರ್ಧ ದಿನದಲ್ಲಿ ಮಾಡಿಕೊಡುವಂತಹುದಕ್ಕೆ ಇಲ್ಲಿ ಗಂಟೆಗೆ 150 ಡಾಲರಿಗಿಂತ ಹೆಚ್ಚು ಕೇಳುವ ಕಾರ್ಖಾನೆಗಳು ಅಪರೂಪವಲ್ಲ. ಕೊಳೆತ ಗೋಡೆಯೊಂದನ್ನು ಬದಲಿಸುವ ವೆಚ್ಚ ಹಳೆಯ ಗಾಡಿಯ ಬೆಲೆಯನ್ನೇ ಮೀರಬಹುದು. ಸಾಲಗಳೋ ಹತ್ತು, ಹದಿನೈದು ವರ್ಷಗಳವರೆಗೆ ಎಳೆಯುತ್ತವೆ; ಗಾಡಿ ಮುರಿದರೂ ಕಂತು ಮುರಿಯುವುದಿಲ್ಲ. ವಿಮೆ ಸಾಮಾನ್ಯವಾಗಿ ಅಪಘಾತಕ್ಕೆ ಒದಗುತ್ತದೆಯೇ ಹೊರತು ಸವೆತಕ್ಕೂ ನಿಧಾನವಾಗಿ ಸೋರಿದ ನೀರಿಗೂ ಅಲ್ಲ. ಕೆಟ್ಟ ಹೊಸ ವಾಹನ ಕೊಂಡವರನ್ನು ಕಾಯುವ ‘ಲೆಮನ್’ ಕಾನೂನುಗಳು ಹಳೆಯ ಟ್ರೇಲರಿನವರ ನೆರವಿಗೆ ಬರುವುದು ವಿರಳ. ‘ಇದ್ದ ಹಾಗೆಯೇ’ ಎಂಬ ಅರ್ಥದ ‘ಆಸ್ ಈಸ್’ ಎಂಬ ಎರಡು ಪದಗಳಿರುವ ಕಾಗದಕ್ಕೆ ಸಹಿ ಹಾಕಿದ ಮೇಲೆ ಬಿರುಕು ಕೊಂಡವರದ್ದು. ತಿಳಿದೂ ಮುಚ್ಚಿಟ್ಟು ಮಾರಿದರೆಂದು ಸಾಧಿಸಬಹುದಾದರೂ, ಹೊಸದಾಗಿ ಬಂದ ಸಂಸಾರಕ್ಕೆ ನ್ಯಾಯಾಲಯದ ದಾರಿ ಸುಲಭವಲ್ಲ.

ಹಾಗಾಗಿ ಹಣ ಕೊಡುವ ಮುನ್ನವೇ ಎರಡು ಕೆಲಸ ಆಗಬೇಕು. ಗಾಡಿಯ 17 ಅಕ್ಷರಾಂಕಿಗಳ ಗುರುತು ಸಂಖ್ಯೆಯನ್ನು ಕೇಂದ್ರ ಸರ್ಕಾರದ ಹೆದ್ದಾರಿ ಸುರಕ್ಷತಾ ಸಂಸ್ಥೆಯ ತಾಣದಲ್ಲಿ ಹಾಕಿದರೆ, ತಯಾರಕರು ದೋಷಕ್ಕಾಗಿ ಹಿಂದಕ್ಕೆ ಕರೆದ ಪಟ್ಟಿಯಲ್ಲಿ ಅದು ಇದೆಯೇ ಎಂದು ತಿಳಿಯುತ್ತದೆ. ಇದಕ್ಕೆ ಶುಲ್ಕವಿಲ್ಲ, ಒಡೆಯರು ಬದಲಾದರೂ ಆ ಉಚಿತ ದುರಸ್ತಿಯ ಹಕ್ಕು ಗಾಡಿಯೊಂದಿಗೇ ಬರುತ್ತದೆ. ಎರಡನೆಯದು, ಮಾರುವವರಿಗೂ ನಮಗೂ ಸಂಬಂಧವಿಲ್ಲದ, ಪ್ರಮಾಣಪತ್ರ ಪಡೆದ ಪರೀಕ್ಷಕರೊಬ್ಬರಿಂದ ತಪಾಸಣೆ. ಕೆಲವು ನೂರು ಡಾಲರ್ ಖರ್ಚಾಗುತ್ತದೆ. ಪರೀಕ್ಷಕರನ್ನು ಕರೆತರಲು ಒಪ್ಪದವರ ಗಾಡಿಯನ್ನು ಬಿಟ್ಟುಬಿಡುವುದೇ ಲೇಸು. ಇಂತಹ ನಿರಾಕರಣೆ ಈ ದೇಶದಲ್ಲಿ ಯಾರಿಗೂ ಅವಮಾನವಲ್ಲ.

ಅವಮಾನವೆಂದು ಭಾವಿಸುವವರು ನಾವು. ನಮ್ಮಲ್ಲಿ ಟ್ರೇಲರುಗಳ ವ್ಯಾಪಾರ ಕನ್ನಡ ಕೂಟಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ನಡೆಯತೊಡಗಿದೆ. ‘ನಮ್ಮವರೇ ಅಲ್ಲವೇ’ ಎಂಬ ಒಂದು ಮಾತಿನ ಮೇಲೆ ತಪಾಸಣೆಯೂ ಕಾಗದಪತ್ರವೂ ಇಲ್ಲದೆ ಗಾಡಿ ಕೈ ಬದಲಾಯಿಸುತ್ತದೆ. ರಾಜ್ಯೋತ್ಸವದ ಸಭೆಯಲ್ಲಿ ಪಕ್ಕದಲ್ಲಿ ಕುಳಿತು ಹೋಳಿಗೆ ಉಂಡವರನ್ನು ‘ಅಡಿಗೆ ಮಲಗಿ ನೋಡಬಹುದೇ?’ ಎಂದು ಕೇಳಲು ಸಂಕೋಚ. ಮಾರುವವರ ಕಡೆಯೂ ಸಂಕಟವಿರಬಹುದು. ಎಚ್-1ಬಿ ವೀಸಾದವರು ಕೆಲಸ ಕಳೆದುಕೊಂಡರೆ ಸಿಗುವುದು ಹೆಚ್ಚೆಂದರೆ 60 ದಿನಗಳ ಗಡುವು. ಅಷ್ಟರಲ್ಲಿ ಬೇರೆ ಕೆಲಸ ಸಿಗದಿದ್ದರೆ ಬಂದ ಬೆಲೆಗೆ ಎಲ್ಲವನ್ನೂ ಮಾರಬೇಕು. ಆ ಅವಸರದಲ್ಲಿ ಸೀಳಿನ ಸಂಗತಿ ನಾಲಿಗೆಯ ತುದಿಗೆ ಬಂದು ನಿಲ್ಲುವುದು ಅರ್ಥವಾಗದ್ದೇನಲ್ಲ. ಆದರೆ ಆ ಗಾಡಿಯಲ್ಲಿ ಮುಂದಿನ ಬೇಸಿಗೆಗೆ ಊರಿನಿಂದ ಬರುವ ಎಪ್ಪತ್ತರ ಅಜ್ಜಿಯೊಬ್ಬರು ಮಲಗುವವರಿದ್ದಾರೆ. ಹೇಳದೆ ಬಿಟ್ಟ ಬಿರುಕಿನ ಭಾರ ಅಪರಿಚಿತರ ನಡುವೆ ಹೇಗೋ, ಒಂದೇ ಕೂಟದೊಳಗೆ ಇನ್ನೂ ಹೆಚ್ಚು. ಕೊಳ್ಳುವವರೂ ಗಡುವಿನ ಸುಳಿವು ಹಿಡಿದು ಬೆಲೆಯನ್ನು ನೆಲಕ್ಕೆ ತುಳಿಯುವುದು ಸಲ್ಲದು. ರಿಪೇರಿಯ ಅಂದಾಜನ್ನು ಕಾರ್ಖಾನೆಯಿಂದ ಬರೆಸಿ ತಂದು, ಅಷ್ಟನ್ನೇ ಕಳೆದು ಬೆಲೆ ಕಟ್ಟುವುದು ಇಬ್ಬರಿಗೂ ಮರ್ಯಾದೆಯ ದಾರಿ.

ಗುಂಪುಗಳನ್ನು ನಡೆಸುವವರು ಒಂದು ಸಣ್ಣ ನಿಯಮ ಮಾಡಬಹುದು. ಟ್ರೇಲರ್ ಮಾರಾಟದ ಪ್ರತಿ ಪ್ರಕಟಣೆಯಲ್ಲಿ ಹಾಸಿಗೆಯ ಚಿತ್ರದೊಂದಿಗೆ ಚೌಕಟ್ಟಿನ, ಚಾವಣಿಯ, ಕಿಟಕಿ ಮೂಲೆಗಳ ಚಿತ್ರಗಳಿರಲಿ. ಗೊತ್ತಿರುವ ಬಿರುಕು ಎಲ್ಲಿದೆ, ಯಾವಾಗ ಕಂಡಿತು, ಯಾರು ಏನು ಮಾಡಿದರು ಎಂಬ ಒಂದೆರಡು ಸಾಲು ಇರಲಿ. ಅದೇ ಸಾಲುಗಳು ಮಾರಾಟದ ಕಾಗದದಲ್ಲಿಯೂ ಬರಲಿ, ಇಬ್ಬರೂ ಸಹಿ ಹಾಕಲಿ. ಆ ಸಾಲುಗಳಿಲ್ಲದ ಪ್ರಕಟಣೆಯನ್ನು ನಿರ್ವಾಹಕರು ಹಾಕಿದವರಿಗೇ ಹಿಂದಿರುಗಿಸಲಿ.