ದಾಳಿಂಬೆಯೊಳಗೆ 30 ಕಿಲೋಮೀಟರ್ ದಾರ

ಬಸವಕಲ್ಯಾಣದಿಂದ ಹುಮನಾಬಾದಿಗೆ ಬಸ್ಸಿನಲ್ಲಿ ಹೋದವರಿಗೆ ಗೊತ್ತು, ದಾರಿ ಸುಮಾರು 30 ಕಿಲೋಮೀಟರ್. ಈಗ ಕೂದಲಿಗಿಂತ ಸಣ್ಣದಾದ ಒಂದು ದಾರವನ್ನು ಕಲ್ಯಾಣದ ಕೋಟೆ ಬಾಗಿಲಿಗೆ ಕಟ್ಟಿ, ಬಿಚ್ಚುತ್ತ ಬಿಚ್ಚುತ್ತ ಹುಮನಾಬಾದಿನ ವೀರಭದ್ರೇಶ್ವರ ಗುಡಿಯವರೆಗೆ ಎಳೆದಿರಿ ಅಂದುಕೊಳ್ಳಿ. ಆಮೇಲೆ ಆ ದಾರವನ್ನೆಲ್ಲ ಒಂದು ದೊಡ್ಡ ದಾಳಿಂಬೆಯೊಳಗೆ ತುಂಬಬೇಕು. ಗಂಟು ಬೀಳಬಾರದು, ಹರಿಯಬಾರದು, ಯಾವ ಜಾಗ ಬೇಕೆಂದರೂ ಕೂಡಲೇ ಸಿಗಬೇಕು.

ಆಗದ ಮಾತು ಅನ್ನಬೇಡಿ ಮಕ್ಕಳೇ. ನಿಮ್ಮ ಮೈಯ ಬಹುತೇಕ ಬಗೆಯ ಜೀವಕೋಶಗಳು ಈ ಕೆಲಸವನ್ನು ಆಗಲೇ ಮಾಡಿ ಮುಗಿಸಿವೆ. ಒಂದು ಜೀವಕೋಶದಲ್ಲಿರುವ ಡಿಎನ್‌ಎ ದಾರ 46 ತುಂಡುಗಳಲ್ಲಿದೆ. ಸೇರಿಸಿ ಅಳೆದರೆ ಸುಮಾರು 2 ಮೀಟರ್. ಅದು ಕೂತಿರುವ ಕೋಶಕೇಂದ್ರದ ಅಗಲವೋ, ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಆರು ಪಾಲಿನಷ್ಟು. ಎರಡನ್ನೂ ನಾನು 15,000 ಪಟ್ಟು ಹಿಗ್ಗಿಸಿದೆ. ಒಂದು 30 ಕಿಲೋಮೀಟರ್ ಆಯಿತು, ಇನ್ನೊಂದು 9 ಸೆಂಟಿಮೀಟರ್. ನಾನು ಬಿಕಾಂ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಇಂಥ ಲೆಕ್ಕ ಕೈಬಿಡುವುದಿಲ್ಲ.

ಲೆಕ್ಕ ಹೇಳಿದಾಗ ನನ್ನ ಮೊಮ್ಮಗ ಕೇಳಿದ, "ಮುತ್ಯಾ, ಅಷ್ಟುದ್ದ ದಾರ ಇಷ್ಟ ಸಣ್ಣ ಜಾಗಾದಾಗ ಹ್ಯಾಂಗ ಕೂಡ್ತದ?"

ಸುತ್ತಿ ಇಟ್ಟರೆ ಕೂಡುತ್ತದೆ. ಹೊಲಿಗೆ ಯಂತ್ರದ ದಾರವನ್ನು ರೀಲಿಗೆ ಸುತ್ತುವುದಿಲ್ಲವೇ, ಹಾಗೆ. ಈ ರೀಲಿನ ಹೆಸರು ಹಿಸ್ಟೋನ್. ಅದೊಂದು ಪ್ರೋಟೀನ್. ಜರ್ಮನಿಯ ಆಲ್ಬ್ರೆಕ್ಟ್ ಕೊಸೆಲ್ 1884ರಲ್ಲಿ ಹೆಬ್ಬಾತಿನ ರಕ್ತದಿಂದ ಅದನ್ನು ಬೇರ್ಪಡಿಸಿದರು. ನಮ್ಮ ಕೆಂಪು ರಕ್ತಕಣಗಳಲ್ಲಿ ಕೋಶಕೇಂದ್ರ ಇರುವುದಿಲ್ಲ, ಹಕ್ಕಿಗಳ ಕಣಗಳಲ್ಲಿ ಇರುತ್ತದೆ. ಅದಕ್ಕೇ ಹೆಬ್ಬಾತು ಉಪಯೋಗಕ್ಕೆ ಬಂತು. ಆದರೆ ಹಿಸ್ಟೋನಿನ ಸುತ್ತ ದಾರ ಹೇಗೆ ಕೂತಿದೆ ಎಂಬುದನ್ನು ರೋಜರ್ ಕಾರ್ನ್‌ಬರ್ಗ್ ಬಿಡಿಸಿ ಹೇಳಿದ್ದು 1974ರಲ್ಲಿ. ನಾಲ್ಕು ಬಗೆಯ ಹಿಸ್ಟೋನ್‌ಗಳು ಎರಡೆರಡರಂತೆ ಎಂಟು ಸೇರಿ ಒಂದು ಮಣಿ. ಅದರ ಮೇಲೆ ದಾರ ಒಂದೂವರೆ ಸುತ್ತಿಗಿಂತ ಕೊಂಚ ಹೆಚ್ಚು ಸುತ್ತಿಕೊಂಡು ಮುಂದಿನ ಮಣಿಗೆ ಹೋಗುತ್ತದೆ. ಡಿಎನ್‌ಎಯನ್ನು ಏಣಿ ಎಂದುಕೊಂಡರೆ, ಒಂದು ಮಣಿಗೆ 147 ಮೆಟ್ಟಿಲು.

ದಾರ ಮಣಿಗೆ ಅಂಟುವುದು ಯಾಕೆ? ಡಿಎನ್‌ಎಗೆ ಋಣ ವಿದ್ಯುದಂಶ, ಹಿಸ್ಟೋನಿಗೆ ಧನ ವಿದ್ಯುದಂಶ. ಒಂದನ್ನೊಂದು ಎಳೆಯುತ್ತವೆ. ಇದನ್ನು ಪ್ರಯೋಗಾಲಯದಲ್ಲಿ ಮಾಡಿ ನೋಡುವ ಬಗೆ ಕೇಳಿದರೆ ಅಜ್ಜಿಯರಿಗೆ ಖುಷಿಯಾದೀತು, ಯಾಕೆಂದರೆ ಅಲ್ಲಿ ಬಳಸುವುದು ಉಪ್ಪು. ಒಂದು ಲೀಟರ್ ನೀರಿಗೆ ಸುಮಾರು 117 ಗ್ರಾಂ. ಸಮುದ್ರದ ನೀರಿನಲ್ಲೂ ಸುಮಾರು 35 ಗ್ರಾಂ ಅಷ್ಟೇ ಇರುತ್ತದೆ. ಇಷ್ಟು ಉಪ್ಪಿನ ಕಣಗಳು ನಡುವೆ ನುಗ್ಗಿದಾಗ ದಾರಕ್ಕೂ ಹಿಸ್ಟೋನಿಗೂ ಒಂದರ ಸೆಳೆತ ಇನ್ನೊಂದಕ್ಕೆ ತಟ್ಟುವುದಿಲ್ಲ, ಬೇರೆ ಬೇರೆಯಾಗಿ ಓಡಾಡಿಕೊಂಡಿರುತ್ತವೆ. ಆಮೇಲೆ ಸಣ್ಣ ರಂಧ್ರಗಳ ಚೀಲದಲ್ಲಿಟ್ಟು ಉಪ್ಪನ್ನು ಗಂಟೆಗಟ್ಟಲೆ ನಿಧಾನವಾಗಿ ಇಳಿಸುತ್ತಾರೆ. ಉಪ್ಪು ಇಳಿದಂತೆ ದಾರ ತಾನಾಗಿಯೇ ಮಣಿಗೆ ಸುತ್ತಿಕೊಳ್ಳುತ್ತದೆ. ಯಾರೂ ಕೈಹಿಡಿದು ಸುತ್ತುವುದಿಲ್ಲ. ಮೊದಲಿನಿಂದಲೇ ಕಡಿಮೆ ಉಪ್ಪಿನ ನೀರಿನಲ್ಲಿ ಎರಡನ್ನೂ ಕಲಸಿಬಿಟ್ಟರೆ, ಕುದಿಯುವ ನೀರಿಗೆ ಹಿಟ್ಟು ಒಮ್ಮೆಲೇ ಸುರಿದ ಹಾಗೆ, ಗಂಟುಗಂಟಾಗುತ್ತದೆ.

ಸರಿ, ಸುತ್ತಿಟ್ಟದ್ದಾಯಿತು. ಬೇಕಾದಾಗ ಓದುವುದು ಹೇಗೆ? ನಮ್ಮ ಬ್ಯಾಂಕಿನ ಹಾಗೆ ಯೋಚಿಸಿ. ಪ್ರತಿ ಶಾಖೆಯಲ್ಲೂ ಎಲ್ಲ ಶಾಖೆಗಳ ಲೆಡ್ಜರ್ ಇದೆ, ಆದರೆ ತನಗೆ ಬೇಕಾದ ಪುಟ ಮಾತ್ರ ತೆರೆಯುತ್ತದೆ ಎಂದುಕೊಳ್ಳಿ. ಕಣ್ಣಿನ ಕೋಶದಲ್ಲೂ ಪಿತ್ತಕೋಶದ ಕೋಶದಲ್ಲೂ ದಾರ ಒಂದೇ, ತೆರೆದ ಪುಟ ಬೇರೆ. ಪುಟ ತೆರೆಯುವ ಒಂದು ದಾರಿ ಹೀಗಿದೆ: ಹಿಸ್ಟೋನಿನ ಬಾಲಕ್ಕೆ ಅಸಿಟೈಲ್ ಎಂಬ ಚಿಕ್ಕ ಚೀಟಿ ಅಂಟಿಸುತ್ತಾರೆ. ಅದು ಅಂಟಿದ ಕಡೆ ಧನ ಅಂಶ ಹೋಗಿ ಹಿಡಿತ ಸಡಿಲವಾಗುತ್ತದೆ, ದಾರ ಓದಲು ಸಿಗುತ್ತದೆ. ಅಂಟಿಸುವ ಗುಮಾಸ್ತರಲ್ಲಿ ಒಬ್ಬನ ಹೆಸರು ಪಿ300. ಕೆಲವು ಕ್ಯಾನ್ಸರ್‌ಗಳಲ್ಲಿ ಈ ಚೀಟಿಗಳ ಲೆಕ್ಕ ತಪ್ಪಿ, ಮುಚ್ಚಿರಬೇಕಾದ ಪುಟ ತೆರೆದಿರುತ್ತದೆ.

ಈ ವಿಷಯದಲ್ಲಿ ನಮ್ಮ ಬೆಂಗಳೂರಿನ ಹೆಸರು ದೊಡ್ಡದು. 1948ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಂ.ಆರ್.ಎಸ್. ರಾವ್ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ, ಆಮೇಲೆ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಇದನ್ನೇ ಅಭ್ಯಾಸ ಮಾಡಿದರು. ವೀರ್ಯಾಣು ತಯಾರಾಗುವಾಗ ಹಿಸ್ಟೋನ್ ಜಾಗಕ್ಕೆ ಬೇರೆ ಪ್ರೋಟೀನ್ ಬಂದು ದಾರವನ್ನು ಇನ್ನೂ ಬಿಗಿಯಾಗಿ ಕಟ್ಟುತ್ತದೆ. ಆ ಬದಲಾವಣೆಯನ್ನು ಅವರು ವರ್ಷಗಟ್ಟಲೆ ಹಿಂಬಾಲಿಸಿದರು. 2010ರಲ್ಲಿ ಪದ್ಮಶ್ರೀ ಬಂತು. ಅದೇ ಜಕ್ಕೂರಿನಲ್ಲಿ ತಪಸ್ ಕುಮಾರ್ ಕುಂಡು ಅವರ ತಂಡ ಪಿ300ನ ಕೈ ಹಿಡಿದು ನಿಲ್ಲಿಸುವ ವಸ್ತುಗಳನ್ನು ಹುಡುಕಿತು. 2003ರಲ್ಲಿ ಗೋಡಂಬಿ ಸಿಪ್ಪೆಯ ಎಣ್ಣೆಯಲ್ಲಿ ಒಂದು ಸಿಕ್ಕಿತು. 2004ರಲ್ಲಿ ಕರಾವಳಿಯ ಪುನರ್ಪುಳಿಯಲ್ಲಿ ಒಂದು, ನಮ್ಮ ಅರಿಶಿನದಲ್ಲಿ ಇನ್ನೊಂದು.

ಹಿರಿಯರೇ, ಇಲ್ಲಿ ಸ್ವಲ್ಪ ನಿಂತು ಕೇಳಬೇಕು. ಹುಮನಾಬಾದಿನಲ್ಲಿ ನನ್ನ ಗೆಳೆಯನೊಬ್ಬನಿದ್ದಾನೆ. ಒಂದೇ ಕೌಂಟರಿನಲ್ಲಿ ಕೂತು ಕೆಲಸ ಮಾಡಿದವರು ನಾವು. ಅವನ ಗಂಟಲಲ್ಲಿ ಗಡ್ಡೆ ಕಂಡಿತು. ಬೇಗ ಚಿಕಿತ್ಸೆ ಶುರುಮಾಡಿ ಎಂದರು ಡಾಕ್ಟರು. ಅಷ್ಟರಲ್ಲಿ ಫೋನಿಗೆ ಒಂದು ಸಂದೇಶ ಬಂತು: ಅರಿಶಿನ ಜೀನುಗಳನ್ನೇ ಮುಚ್ಚುತ್ತದೆ, ಬೆಂಗಳೂರಿನ ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ, ಆಸ್ಪತ್ರೆ ಬೇಡ. ಮೂರು ವಾರ ಅರಿಶಿನದ ನೀರು ಕುಡಿಯುತ್ತ ಮನೆಯಲ್ಲೇ ಕೂತ. ಸೊಸೆ ಅತ್ತುಕೊಂಡು ನನಗೆ ಫೋನ್ ಮಾಡಿದಳು.

ಹೋಗಿ ಕೂತೆ. "ನೀ ಬಿಕಾಂ ಓದಿದಾಂವ, ನಿನಗೇನ ತಿಳಿತದ ಡಿಎನ್‌ಎ?" ಅಂದ.

"ಲೆಕ್ಕ ತಿಳಿತದಲ್ಲೋ," ಅಂದೆ. "ಅವರು ನೋಡಿದ್ದು ಗಾಜಿನ ನಳಿಗ್ಯಾಗ, ಸಾಕಿದ ಜೀವಕೋಶದಾಗ. ಅಲ್ಲಿ ಹಾಕಿದ್ದು ಹಾಕಿದಷ್ಟೂ ತಲುಪತದ. ನೀ ನುಂಗಿದ ಅರಿಶಿಣದಾಗಿನ ಆ ವಸ್ತು ರಕ್ತಕ್ಕ ಸೇರೋದು ಭಾಳ ಕಮ್ಮಿ. ಜಮಾ ಆಗದ ರೊಕ್ಕದ ಮ್ಯಾಲ ಚೆಕ್ ಬರಿತಿ ಏನು? ಔಷಧ ಹುಡುಕೋ ದಾರಿ ಇಲ್ಲಿ ಅದ ಅಂತ ಅವರು ತೋರಿಸ್ಯಾರ. ಡಾಕ್ಟರನ್ನ ಬಿಡು ಅಂತ ಹೇಳಿಲ್ಲ."

ಸುಮ್ಮನೆ ಕೂತ. ಮರುದಿನ ಮಗನ ಜೊತೆ ಆಸ್ಪತ್ರೆಗೆ ಹೋದ. ಚಿಕಿತ್ಸೆ ಇನ್ನೂ ನಡೆದಿದೆ. ಮಾತು ಸ್ವಲ್ಪ ಒಡಕಾಗಿದೆ, ಆದರೂ ಫೋನ್ ಮಾಡಿ ಬೈಯುವುದು ಬಿಟ್ಟಿಲ್ಲ. ಸಾರಿಗೆ ಅರಿಶಿನ ಹಾಕುವುದನ್ನು ಸೊಸೆಯೂ ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ. ಇಂಥ ಸಂದೇಶ ನಿಮ್ಮ ಮನೆಗೆ ಬಂದರೆ ಮಕ್ಕಳೇ, ಅಜ್ಜ-ಅಜ್ಜಿಗೆ ಒಂದೇ ಪ್ರಶ್ನೆ ಕೇಳಿ: ಇದನ್ನು ನೋಡಿದ್ದು ನಳಿಗೆಯಲ್ಲೋ, ಮನುಷ್ಯರಲ್ಲೋ?

ಈ ವಾರದ ಲೆಕ್ಕ: ಒಂದು ಜೀವಕೋಶದ ಡಿಎನ್‌ಎಯಲ್ಲಿ ಸುಮಾರು 640 ಕೋಟಿ ಮೆಟ್ಟಿಲು. ಮಣಿಗೆ ಸುತ್ತಿದ್ದು, ಮುಂದಿನ ಮಣಿಯವರೆಗಿನದು ಸೇರಿ ಒಂದೊಂದು ಮಣಿಗೆ ಸುಮಾರು 200 ಮೆಟ್ಟಿಲು ಬೇಕು. ಹಾಗಾದರೆ ಒಂದು ಜೀವಕೋಶದಲ್ಲಿ ಎಷ್ಟು ಮಣಿ? ಕ್ಯಾಲ್ಕುಲೇಟರ್ ಮುಟ್ಟದೆ ಅಜ್ಜನೂ ಮೊಮ್ಮಕ್ಕಳೂ ಬೇರೆ ಬೇರೆ ಮಾಡಿ, ಆಮೇಲೆ ತಾಳೆ ನೋಡಿ. ಉತ್ತರ ಮುಂದಿನ ವಾರ.