ಹಾಲಿನ ಕ್ಯಾನಿನ ಜೊತೆ ನೀರಿನ ಬಾಟಲಿಯೂ ಇರಲಿ

ಬೇಸಿಗೆಯಲ್ಲಿ ಕರೆಯುವ ಹಸುವಿಗೆ ಎಷ್ಟು ನೀರು ಬೇಕು ಎಂದು ಕೇಳಿದರೆ ನಮ್ಮ ಸದಸ್ಯರು ಯಾರೂ ತಡವರಿಸುವುದಿಲ್ಲ. ಪ್ರತಿ ಲೀಟರ್ ಹಾಲಿಗೆ ಮೂರು ನಾಲ್ಕು ಲೀಟರ್, ಅದರ ಮೈಗೆ ಬೇಕಾದದ್ದು ಬೇರೆ. ಬಿಸಿಲು ಏರಿದರೆ ಒಳ್ಳೆಯ ಹಸು ದಿನಕ್ಕೆ 80 ಲೀಟರ್ ದಾಟಿ ಕುಡಿಯುತ್ತದೆ. ಆದರೆ ಅದೇ ಹಾಲನ್ನು ಸೈಕಲ್ಲಿಗೆ ಕಟ್ಟಿಕೊಂಡು ಡೇರಿಗೆ ಬರುವ ಮನುಷ್ಯನಿಗೆ ಎಷ್ಟು ನೀರು ಬೇಕು? ಈ ಲೆಕ್ಕವನ್ನು ನಮಗೆ ಯಾರೂ ಹೇಳಿಲ್ಲ, ನಾವೂ ಕೇಳಿಲ್ಲ.

ನಾನು ಕಲಿತದ್ದು ಬಿದ್ದ ಮೇಲೆ. ನಮ್ಮೂರಲ್ಲಿ ಸಂಘವಿಲ್ಲ, ಪಕ್ಕದೂರಿಗೆ ಐದು ಕಿಲೋಮೀಟರ್. ಕಳೆದ ಮೇ ತಿಂಗಳಲ್ಲಿ ಒಂದು ದಿನ ಮಧ್ಯಾಹ್ನವೆಲ್ಲ ಮೇವು ಹೊತ್ತು, ಕರೆದ ಹಾಲು ಹೇರಿಕೊಂಡು ನಾಲ್ಕೂವರೆಗೆ ಹೊರಟೆ. ದಿಬ್ಬ ಹತ್ತುವಾಗ ತಲೆ ಸಿಡಿಯತೊಡಗಿತು, ಮೀನಖಂಡ ಹಿಡಿದುಕೊಂಡಿತು, ಕಣ್ಣಿಗೆ ಕತ್ತಲೆ ಬಂತು. ಸೈಕಲ್ ಸಮೇತ ಬಿದ್ದೆ. ಎಂಟು ಲೀಟರ್ ಹಾಲು ಮಣ್ಣುಪಾಲು. "ಕ್ಯಾನ್ ತುಂಬ ಹಾಲಿತ್ತಲ್ಲಪ್ಪಾ, ಒಂದು ಗುಟುಕು ಕುಡೀಬಾರದಿತ್ತೇನು?" ಎಂದು ಅವ್ವ ಕೇಳಿದಳು. ನಿಜ, ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ. ಆದರೆ ಅಳತೆಗೆ ಹೊರಟ ಹಾಲಿಗೆ ಬಾಯಿ ಹಾಕುವ ರೂಢಿ ನಮಗಿಲ್ಲ.

ಬಿಸಿಲಿನಲ್ಲಿ ಭಾರ ಹೇರಿ ಸೈಕಲ್ ತುಳಿದರೆ ಗಂಟೆಗೆ ಅರ್ಧದಿಂದ ಒಂದು ಲೀಟರ್ ನೀರು ಬೆವರಾಗಿ ಹೋಗುತ್ತದೆ, ಕೆಲವರಿಗೆ ಇನ್ನೂ ಹೆಚ್ಚು. ನಮ್ಮ ರಾಯಚೂರು, ಕೊಪ್ಪಳ ಸೀಮೆಯ ಒಣ ಬಿಸಿಗಾಳಿಯಲ್ಲಿ ಬೆವರು ಕೂಡಲೇ ಆರುವುದರಿಂದ ಹೋದದ್ದೇ ತಿಳಿಯುವುದಿಲ್ಲ. ಬಾಯಾರಿಕೆ ಆಗುವ ಹೊತ್ತಿಗೆ ಮೈಯಲ್ಲಿ ಆಗಲೇ ನೀರು ಕಡಿಮೆಯಾಗಿರುತ್ತದೆ. ಹೋಗಿ ಬರಲು ಒಂದು ಗಂಟೆಯಾದರೆ ಒಂದು ಲೀಟರ್, ಮೇವಿಗೂ ಹೋಗುವುದಿದ್ದರೆ ಎರಡು ಲೀಟರ್ ಜೊತೆಗಿರಬೇಕು. ಇಪ್ಪತ್ತು ಲೀಟರ್ ಹಾಲು ಹೊರುವ ಸೈಕಲ್ಲಿಗೆ ಇದೇನು ಭಾರವಲ್ಲ. ಹೊರಡುವ ಮುಂಚೆ ಒಂದು ತಂಬಿಗೆ, ದಾರಿಯಲ್ಲಿ ಆಗಾಗ ನಾಲ್ಕು ಗುಟುಕು. ಉಪ್ಪು ಹಾಕಿದ ನೀರುಮಜ್ಜಿಗೆಯಾದರೆ ಇನ್ನೂ ಒಳ್ಳೆಯದು, ಬೆವರಿನಲ್ಲಿ ಉಪ್ಪೂ ಹೋಗಿರುತ್ತದೆ.

ಬಾಟಲಿ ಒಯ್ಯುವುದು ಪೇಟೆಯವರ ಶೋಕಿ ಎಂದು ನಗುವವರಿದ್ದಾರೆ. ನಮ್ಮ ಅಜ್ಜಂದಿರು ಗಾಡಿಗೆ ತತ್ರಾಣಿ ತೂಗುಹಾಕದೆ ಊರು ಬಿಡುತ್ತಿರಲಿಲ್ಲ. ಗಾಡಿ ಹೋಗಿ ಸೈಕಲ್ ಬಂತು, ತತ್ರಾಣಿ ಅಟ್ಟ ಸೇರಿತು. ಹಳೇ ಬಾಟಲಿಗೆ ಗೋಣಿತಟ್ಟು ಸುತ್ತಿ, ಒದ್ದೆ ಮಾಡಿ ಹ್ಯಾಂಡಲ್ಲಿಗೆ ಕಟ್ಟಿದರೆ ಗಾಳಿಗೆ ನೀರು ತಣ್ಣಗಿರುತ್ತದೆ. ನಾನು ಈಗ ಹಾಗೇ ಮಾಡುತ್ತೇನೆ.

ಆದರೆ ಎಲ್ಲವನ್ನೂ ರೈತನ ಹೆಗಲಿಗೇ ಹಾಕುವುದು ಸರಿಯಲ್ಲ. ನಾನು ಹಾಲು ಹಾಕುವ ಕಡೆ ಕ್ಯಾನ್ ತೊಳೆಯಲು ನಲ್ಲಿ ಇದೆ, ಕುಡಿಯಲು ಒಂದು ಲೋಟವಿಲ್ಲ. ಹಾಲಿಗೆ ನೀರು ಬೆರೆಸಬೇಡಿ ಎಂದು ಗೋಡೆಯ ಮೇಲೆ ಬರೆಸಿದ್ದೇವೆ, ಹಾಲು ತಂದವನಿಗಾದರೂ ನೀರು ಕೊಡೋಣ. ಮುಚ್ಚಳವಿರುವ ಒಂದು ಮಣ್ಣಿನ ಗುಡಾಣ, ಹಿಡಿಕೆಯ ಸೌಟು, ಎರಡು ಲೋಟ ಸಾಕು. ಬಂದವರು ಅಲ್ಲೇ ಕುಡಿದು, ಖಾಲಿ ಬಾಟಲಿ ತುಂಬಿಕೊಂಡು ಹೋಗಬಹುದು. ಬೇಸಿಗೆಯಲ್ಲಿ ಅರವಟಿಗೆ ಇಡುವ ನಾಡಿನಲ್ಲಿ ಇದನ್ನು ಕೇಳಿ ಪಡೆಯಬೇಕಾಗಿದೆ ಎನ್ನುವುದೇ ಬೇಸರ.

ಇನ್ನೊಂದು ಮಾತು. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿಗಳು ಬಿಸಿಲಿನ ಕಾರಣಕ್ಕೆ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಫ್ಯಾನಿನ ಕೆಳಗೆ ಕೂರುವವರಿಗೇ ಬಿಸಿಲು ಲೆಕ್ಕಕ್ಕೆ ಬರುವಾಗ, ರಸ್ತೆಯಲ್ಲಿರುವ ನಮಗೆ ಸಂಜೆಯ ಸರದಿಯನ್ನು ಎರಡು ತಿಂಗಳ ಮಟ್ಟಿಗೆ ಒಂದು ಗಂಟೆ ಹಿಂದಕ್ಕೆ ಹಾಕಲಾಗದೇ? ಹಾಲಿನ ವಾಹನದ ವೇಳೆ ಬದಲಾಗಬೇಕು, ಹಸುಗಳಿಗೂ ಕರೆಯುವ ಹೊತ್ತನ್ನು ನಿಧಾನವಾಗಿ ರೂಢಿ ಮಾಡಿಸಬೇಕು. ತೊಡಕಿದೆ, ಒಪ್ಪುತ್ತೇನೆ. ಗುಡಾಣಕ್ಕೆ ಆ ತೊಡಕೂ ಇಲ್ಲ.

ದಾರಿಯಲ್ಲಿ ಯಾರಾದರೂ ತೊದಲುತ್ತಾ, ಮೈ ಕಾದು ಕುಸಿದಿದ್ದರೆ ನೆರಳಿಗೆ ಎಳೆದು ಮೈಮೇಲೆ ನೀರು ಸುರಿದು ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ನೀರು ಹಾಕಬೇಡಿ.

ನಮ್ಮ ಆಡಳಿತ ಮಂಡಳಿಯ ಮುಂದಿನ ಸಭೆಗೆ ಗುಡಾಣದ ವಿಷಯವನ್ನು ಬರೆದುಕೊಟ್ಟಿದ್ದೇನೆ. ನಿಮ್ಮ ಸಂಘದಲ್ಲೂ ಕೇಳಿ.