ಸರ್ಟಿಫಿಕೇಟ್ ಗೋಡೆಯ ಮೇಲಿದೆ, ಹಳ್ಳದ ನೀರು ಹೇಗಿದೆ?

ಕಾಫಿ ಕೊಯ್ಲು ಶುರುವಾದರೆ ಮಲೆನಾಡಿನ ಕೆಲವು ಹಳ್ಳಗಳು ನಾರತೊಡಗುತ್ತವೆ. ಹಣ್ಣಿನ ಸಿಪ್ಪೆ ಸುಲಿದು, ಬೀಜದ ಲೋಳೆ ತೊಳೆದ ನೀರು ಪಲ್ಪಿಂಗ್ ಘಟಕದಿಂದ ಹಳ್ಳಕ್ಕೆ ಇಳಿದಿರುತ್ತದೆ. ಅದರಲ್ಲಿರುವ ಸಕ್ಕರೆಯಂಶ ಕೊಳೆಯುವಾಗ ನೀರಿನ ಆಮ್ಲಜನಕ ಖಾಲಿಯಾಗಿ ಮೀನುಗಳು ಸಾಯುತ್ತವೆ. ಮಳೆ ನಿಂತು ಹಳ್ಳ ಸೊರಗುವ ಕಾಲವೂ ಅದೇ. ಕೆಳಗಿನ ಊರಿನವರು ದನಕ್ಕೆ ಕುಡಿಸುವುದೂ ಅದೇ ನೀರನ್ನು.

ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟನ್ನು ಕರ್ನಾಟಕವೇ ಬೆಳೆಯುತ್ತದೆ. ಹಾಗಾಗಿ ಈ ನೀರಿನ ಪ್ರಶ್ನೆ ನಮ್ಮದೇ.

ಉದ್ದಿಮೆಗಳ ಲೋಕದಲ್ಲಿ ಇದಕ್ಕೆ ಉತ್ತರ ‘ಪರಿಸರ ನಿರ್ವಹಣಾ ವ್ಯವಸ್ಥೆ’. 1996ರಲ್ಲಿ ಬಂದ ಐಎಸ್‌ಒ 14001 ಅದರ ಹೆಸರಾಂತ ಮಾನದಂಡ. ಹೆಸರು ಭಾರ, ತಿರುಳು ಸರಳ: ಯೋಜಿಸು, ಮಾಡು, ಪರೀಕ್ಷಿಸು, ತಿದ್ದಿಕೊ. ಆದರೆ ಹೊರಬಿಡುವ ನೀರು ಎಷ್ಟು ಶುದ್ಧವಿರಬೇಕು ಎಂದು ಈ ಮಾನದಂಡ ಹೇಳುವುದಿಲ್ಲ. ಕಾನೂನು ಪಾಲಿಸುವ ಬದ್ಧತೆಯನ್ನು ಕೇಳುತ್ತದೆ. ಅದರಾಚೆಗಿನ ಗುರಿಯನ್ನು ಉದ್ದಿಮೆಯೇ ಹಾಕಿಕೊಳ್ಳಬೇಕು. ಗುರಿ ಚಿಕ್ಕದಿದ್ದರೂ ಸರ್ಟಿಫಿಕೇಟ್ ಸಿಗಬಹುದು.

ಹಾಗಾದರೆ ಈ ವ್ಯವಸ್ಥೆ ಬೇಡವೇ? ಖಂಡಿತ ಬೇಕು. ಆದರೆ ಅದು ನೂರು ಪುಟದ ನೋಟ್‌ಬುಕ್ಕಿನಿಂದ ಶುರುವಾಗಲಿ. ಇವತ್ತು ಎಷ್ಟು ಹಣ್ಣು ಪಲ್ಪ್ ಆಯಿತು, ಎಷ್ಟು ನೀರು ಖರ್ಚಾಯಿತು, ಹೊಂಡ ಎಷ್ಟು ತುಂಬಿತು, ಹುಳಿ ತಗ್ಗಿಸಲು ಎಷ್ಟು ಸುಣ್ಣ ಹಾಕಿದೆವು? ದಿನವೂ ಬರೆದಿಟ್ಟರೆ ಎಲ್ಲಿ ಪೋಲಾಗುತ್ತಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ಸಿಪ್ಪೆ ಸುಲಿಯಲು ಬಳಸಿದ ನೀರನ್ನೇ ಮತ್ತೆ ಬಳಸಬಹುದು. ಕಡಿಮೆ ನೀರು ಸಾಕಾಗುವ ಪಲ್ಪರ್‌ಗಳಿವೆ. ಸಿಪ್ಪೆ ಕೊಳೆತರೆ ತೋಟಕ್ಕೆ ಗೊಬ್ಬರ. ನೀರು ಕಡಿಮೆಯಾದಷ್ಟೂ ಪಂಪಿನ ಖರ್ಚು ಇಳಿಯುತ್ತದೆ, ಚಿಕ್ಕ ಹೊಂಡವೇ ಸಾಕಾಗುತ್ತದೆ.

ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸುವ ಸಣ್ಣ ಬೆಳೆಗಾರರಿಗೆ ಈ ಮಾತು ಅನ್ವಯಿಸುವುದಿಲ್ಲ. ಅವರು ಹಳ್ಳಕ್ಕೆ ಇಂಥ ನೀರು ಬಿಡುವುದೇ ಇಲ್ಲ. ಪಲ್ಪಿಂಗ್ ಮಾಡುವವರಲ್ಲೂ ಕೆಲವರಿಗೆ ಸ್ವಂತ ಹೊಂಡ ತೋಡಿಸುವ ಶಕ್ತಿಯಿಲ್ಲ. ಅಂಥವರು ನಾಲ್ಕಾರು ಜನ ಸೇರಿ ಒಂದೇ ಘಟಕ, ಒಂದೇ ಹೊಂಡ ಮಾಡಿಕೊಳ್ಳಬಹುದು.

ನನ್ನ ತಕರಾರು ‘ಪರೀಕ್ಷಿಸು’ ಎಂಬ ಮೂರನೇ ಹೆಜ್ಜೆಯ ಬಗ್ಗೆ. ಆಡಿಟರ್ ದಿನ ಗೊತ್ತುಮಾಡಿಕೊಂಡು ಬರುತ್ತಾರೆ. ಹಳ್ಳ ದಿನವೂ ಹರಿಯುತ್ತದೆ. ಆ ನೋಟ್‌ಬುಕ್ಕಿನ ಲೆಕ್ಕ ಆಫೀಸಿನ ಕಪಾಟಿನಲ್ಲೇ ಉಳಿಯುವುದು ಬೇಡ. ಕೊಯ್ಲಿನ ಕಾಲದಲ್ಲಿ ವಾರಕ್ಕೊಮ್ಮೆ ಕೆಳಗಿನ ಊರಿನ ಗ್ರಾಮ ಪಂಚಾಯಿತಿಯ ನೋಟಿಸ್ ಬೋರ್ಡಿಗೆ ಬರಲಿ. ಆ ನೀರು ಬಳಸುವವರು ಅದನ್ನು ಓದಲಿ, ಹಳ್ಳ ನೋಡಲಿ, ತಾಳೆಯಾಗದಿದ್ದರೆ ಕೇಳಲಿ.